ಕಾರಿನ ಎಂಜಿನ್‌ಗೆ ರೆಕ್ಕೆ ಕಟ್ಟುವ ಮುನ್ನ

1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿದರು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ವಿಮಾನ ಜೋಡಿಸಿಟ್ಟು ವಾರಗಳೇ ಕಳೆದಿದ್ದರೂ ಅಲ್ಲಿಯವರೆಗೆ ಅವರೇಕೆ ಹಾರಲಿಲ್ಲ ಎಂದು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಹಗುರವಾದ ಎಂಜಿನ್ ಮಾಡಿಕೊಡಿ ಎಂದು ಅವರು ಆಗಿನ ತಯಾರಕರಿಗೆ ಪತ್ರ ಬರೆದಿದ್ದರು. ಹೊಂದುವಂಥದ್ದು ಸಿಗದೆ, ಕೊನೆಗೆ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರಗಳಲ್ಲಿ ಅಲ್ಯೂಮಿನಿಯಂ ಎರಕದ, 12 ಅಶ್ವಶಕ್ತಿಯ ಎಂಜಿನ್ ಕಟ್ಟಿಕೊಟ್ಟ. ಎಂಜಿನ್ ಚೆನ್ನಾಗಿಯೇ ಇತ್ತು. ಆದರೆ ಕಿಲ್ ಡೆವಿಲ್ ಹಿಲ್ಸ್‌ನ ಮರಳಿನಲ್ಲಿ ಅದನ್ನು ಚಾಲೂ ಮಾಡಿದಾಗ ಅದರ ಒದೆತಕ್ಕೆ ಪ್ರೊಪೆಲ್ಲರ್‌ಗಳ ಕೊಳವೆ ಶಾಫ್ಟ್‌ಗಳು ಹಾಳಾದವು. ದುರಸ್ತಿಗೆ ತಮ್ಮೂರು ಡೇಟನ್‌ಗೆ ಕಳಿಸಿ ತರಿಸಿಕೊಂಡರೆ, ಚೈನು ಓಡುವ ಹಲ್ಲುಚಕ್ರಗಳು ಸಡಿಲವಾದವು. ಸೈಕಲ್ ಟೈರಿಗೆ ಬಳಸುವ ಅಂಟು ಸುರಿದು ಅವನ್ನು ಬಿಗಿ ಮಾಡಿದರು. ನವೆಂಬರ್ ಕೊನೆಗೆ ಶಾಫ್ಟ್ ಒಂದರಲ್ಲಿ ಬಿರುಕು ಕಾಣಿಸಿತು. ಈ ಸಲ ಆರ್ವಿಲ್ ತಾನೇ ಊರಿಗೆ ಹೋಗಿ, ಸ್ಪ್ರಿಂಗ್ ಸ್ಟೀಲಿನ ಗಟ್ಟಿ ಶಾಫ್ಟ್‌ಗಳನ್ನು ಮಾಡಿಸಿಕೊಂಡು ಡಿಸೆಂಬರ್ 11ಕ್ಕೆ ವಾಪಸು ಬಂದ. ಇಷ್ಟು ದಿನ ತಿಂದದ್ದು ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ನಡುವೆ ಇದ್ದ ಒಂದು ತುಂಡು ಕೊಳವೆ.

ಮನೆಯ ಗ್ಯಾರೇಜಿನಲ್ಲಿ ಸ್ವಂತ ಕೈಯಿಂದ ವಿಮಾನ ಕಟ್ಟಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ದೊಡ್ಡದು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಈ ವಿಮಾನಗಳ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿತು. ಆಗ ಅವುಗಳ ಸಂಖ್ಯೆ 33 ಸಾವಿರದ ಹತ್ತಿರವಿತ್ತು. ದೇಶದ ಸಾಮಾನ್ಯ ನಾಗರಿಕ ವಿಮಾನಗಳಲ್ಲಿ ಹತ್ತರಲ್ಲೊಂದು ಪಾಲು. ರೆಕ್ಕೆ, ಬಾಲ, ಒಡಲು ಎಲ್ಲವನ್ನೂ ವರ್ಷಗಟ್ಟಲೆ ತಾಳ್ಮೆಯಿಂದ ರಿವೆಟ್ ಹೊಡೆದು ಕಟ್ಟಿದವನ ಮುಂದೆ ಕೊನೆಗೆ ಒಂದು ದೊಡ್ಡ ಬಿಲ್ಲು ಬಂದು ನಿಲ್ಲುತ್ತದೆ: ಎಂಜಿನ್. ವಿಮಾನಕ್ಕೆಂದೇ ಮಾಡಿದ ಹೊಸ ಲೈಕಮಿಂಗ್ ಎಂಜಿನ್‌ಗೆ 30 ಸಾವಿರ ಡಾಲರ್ ಸಾಲದು. ಆಸ್ಟ್ರಿಯಾದ ರೋಟ್ಯಾಕ್ಸ್ ಕೂಡ 20 ಸಾವಿರ ದಾಟುತ್ತದೆ. ಗುಜರಿಯಲ್ಲಿ ಅಷ್ಟೇ ಅಶ್ವಶಕ್ತಿಯ ಸುಬಾರು, ಹೋಂಡಾ, ಸುಜುಕಿ ಎಂಜಿನ್‌ಗಳು ಅದರ ಸಣ್ಣದೊಂದು ಭಾಗಕ್ಕೆ ಸಿಗುತ್ತವೆ. ಹಾಗಿರುವಾಗ ಕಾರಿನ ಎಂಜಿನ್ ಏಕೆ ಬೇಡ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಕೇಳುವವರು ಬಹುಮಟ್ಟಿಗೆ ಎಂಜಿನ್ ಬ್ಲಾಕಿನ ಗುಣಾವಗುಣಗಳನ್ನೇ ತೂಗುತ್ತಾ ಕೂರುತ್ತಾರೆ. ತೂಗಬೇಕಾದದ್ದು ಆ ಬ್ಲಾಕಿನ ಸುತ್ತ ನಾವು ಸೇರಿಸುವ ವಸ್ತುಗಳನ್ನು: ಗೇರ್‌ಬಾಕ್ಸ್, ರೇಡಿಯೇಟರ್, ಪೆಟ್ರೋಲ್ ಪೈಪು, ಬ್ಯಾಟರಿ, ವೈರು. ಪರ್ಯಾಯ ಎಂಜಿನ್‌ಗಳು ಆಕಾಶದಲ್ಲಿ ಕೈಕೊಡುವುದು ಬಹುತೇಕ ಇಲ್ಲಿಯೇ. ಆದ್ದರಿಂದ ಎಂಜಿನ್ನನ್ನು ಅದರ ಬೆಲೆ ನೋಡಿ, ಬ್ರ್ಯಾಂಡ್ ನೋಡಿ ಆರಿಸುವುದಕ್ಕಿಂತ, ಅದೇ ಜೋಡಣೆಯಲ್ಲಿ ಇನ್ನೊಬ್ಬರು ಎಷ್ಟು ಗಂಟೆ ಹಾರಿದ್ದಾರೆ ಎಂಬುದನ್ನು ನೋಡಿ ಆರಿಸಬೇಕು ಎಂಬುದು ನನ್ನ ವಾದ.

ಮೊದಲು ಲೆಕ್ಕ. ಕಾಂಟಿನೆಂಟಲ್ ಕಂಪನಿಯ ಓ-200 ಎಂಬ ಹಳೆಯ ಎಂಜಿನ್ 3.3 ಲೀಟರಿನದು, ನಿಮಿಷಕ್ಕೆ 2,750 ಸುತ್ತಿನಲ್ಲಿ 100 ಅಶ್ವಶಕ್ತಿ ಕೊಡುತ್ತದೆ. ರೋಟ್ಯಾಕ್ಸ್ 912ರ ದೊಡ್ಡ ಮಾದರಿ 1.35 ಲೀಟರಿನದು, ಅದೂ 100 ಅಶ್ವಶಕ್ತಿಯನ್ನೇ ಕೊಡುತ್ತದೆ, ಆದರೆ 5,800 ಸುತ್ತಿನಲ್ಲಿ. ಶಕ್ತಿ ಎಂದರೆ ತಿರುಚುಬಲವನ್ನು ಸುತ್ತಿನ ವೇಗದಿಂದ ಗುಣಿಸಿದ್ದು. ಸಣ್ಣ ಎಂಜಿನ್ ಹೆಚ್ಚು ಸುತ್ತಿ ದೊಡ್ಡದಕ್ಕೆ ಸಮನಾಗುತ್ತದೆ. ಕಾರಿನ ಎಂಜಿನ್‌ಗಳೆಲ್ಲ ಈ ಜಾತಿಯವೇ; 1.2 ಲೀಟರಿನ ಸ್ವಿಫ್ಟ್ ಎಂಜಿನ್ ತನ್ನ 80 ಚಿಲ್ಲರೆ ಅಶ್ವಶಕ್ತಿಯನ್ನು ಕೊಡುವುದು 6,000 ಸುತ್ತಿನಲ್ಲಿ. ತೊಡಕು ಇರುವುದು ಪ್ರೊಪೆಲ್ಲರ್‌ನಲ್ಲಿ. 1.8 ಮೀಟರ್ ವ್ಯಾಸದ ಪ್ರೊಪೆಲ್ಲರ್ 2,700 ಸುತ್ತು ಸುತ್ತಿದರೆ ಅದರ ತುದಿ ಸೆಕೆಂಡಿಗೆ ಸುಮಾರು 254 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದನ್ನೇ 5,500 ಸುತ್ತಿಗೆ ಏರಿಸಿದರೆ ತುದಿಯ ವೇಗ 518 ಮೀಟರ್; ಶಬ್ದದ ವೇಗ ಸುಮಾರು 340. ತುದಿ ಶಬ್ದದ ವೇಗದ ಹತ್ತಿರ ಬರುತ್ತಿದ್ದಂತೆಯೇ ಪ್ರೊಪೆಲ್ಲರ್ ಗಾಳಿಯನ್ನು ತಳ್ಳುವುದು ಬಿಟ್ಟು ಸದ್ದು ಮಾಡತೊಡಗುತ್ತದೆ. ಹಾಗಾಗಿ ಎರಡೇ ದಾರಿ. ಎಂಜಿನ್ನನ್ನು ನಿಧಾನವಾಗಿ ಓಡಿಸಿ ಅದರ ಅರ್ಧ ಶಕ್ತಿಯ ಆಸೆ ಬಿಡುವುದು, ಇಲ್ಲವೇ ನಡುವೆ ಗೇರೋ ಬೆಲ್ಟೋ ಹಾಕಿ ಸುತ್ತು ಇಳಿಸುವುದು. ರೈಟ್ ಸಹೋದರರ ಚೈನು ಮಾಡಿದ್ದೂ ಇದನ್ನೇ. ಎಂಜಿನ್ ಮೂರು ಸುತ್ತು ಸುತ್ತಿದರೆ ಪ್ರೊಪೆಲ್ಲರ್ ಸುಮಾರು ಒಂದು ಸುತ್ತು.

ಈ ಸುತ್ತು ಇಳಿಸುವ ಪೆಟ್ಟಿಗೆಯನ್ನು ಯಾವುದಾದರೂ ಒಳ್ಳೆಯ ಲೇತ್ ಅಂಗಡಿಯಲ್ಲಿ ಮಾಡಿಸಿಬಿಡಬಹುದು ಎಂದು ಎಷ್ಟೋ ಜನ ಭಾವಿಸಿದ್ದಾರೆ. ಹಲ್ಲುಗಳು ಹೊರಬೇಕಾದ ಸರಾಸರಿ ಬಲವನ್ನು ಲೆಕ್ಕ ಹಾಕಿ, ಅದಕ್ಕೆ ಎರಡು ಪಟ್ಟು ಗಟ್ಟಿಯಾಗಿ ಮಾಡಿಸಿದರೆ ಮುಗಿಯಿತು ಎಂಬ ನಂಬಿಕೆ. ಆದರೆ ಪಿಸ್ಟನ್ ಎಂಜಿನ್ ಶಕ್ತಿಯನ್ನು ಒಂದೇ ಹರಿವಿನಲ್ಲಿ ಕೊಡುವುದಿಲ್ಲ. ಪ್ರತಿ ಸ್ಫೋಟಕ್ಕೂ ಕ್ರ್ಯಾಂಕ್‌ಶಾಫ್ಟ್‌ಗೆ ಒಂದು ಒದೆತ. ಎರಡು ಒದೆತಗಳ ನಡುವೆ ಒಂದು ಹಿನ್ನೆಳೆತ. ಶಾಫ್ಟ್ ಉಕ್ಕಿನದಾದರೂ ಕೂದಲೆಳೆಯಷ್ಟು ತಿರುಚಿ ಮತ್ತೆ ನೇರವಾಗುತ್ತಿರುತ್ತದೆ. ಒಂದು ತುದಿಯಲ್ಲಿ ಎಂಜಿನ್, ಇನ್ನೊಂದು ತುದಿಯಲ್ಲಿ ಭಾರವಾದ ಪ್ರೊಪೆಲ್ಲರ್, ನಡುವೆ ಸ್ಪ್ರಿಂಗಿನಂಥ ಶಾಫ್ಟ್. ಇಂಥ ವ್ಯವಸ್ಥೆಗೆ ತನ್ನದೇ ಒಂದು ತಾಳವಿರುತ್ತದೆ. ಎಂಜಿನ್ನಿನ ಒದೆತಗಳು ಆ ತಾಳಕ್ಕೆ ಕೂಡಿ ಬಂದರೆ, ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದ ಹಾಗೆ, ಸಣ್ಣ ತಳ್ಳುಗಳೇ ಸೇರಿ ದೊಡ್ಡ ತೂಗಾಟವಾಗುತ್ತದೆ. ಆಗ ಗೇರಿನ ಹಲ್ಲಿನ ಮೇಲೆ ಬೀಳುವ ಬಲ ಸರಾಸರಿಯ ಹಲವು ಪಟ್ಟು. ಹಲ್ಲುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಬಡಿಯತೊಡಗುತ್ತವೆ. ಕಾರಿನಲ್ಲಿ ಇದನ್ನು ತಡೆಯಲು ಫ್ಲೈವೀಲ್ ಇದೆ, ಕ್ಲಚ್ ಪ್ಲೇಟಿನಲ್ಲಿ ಪುಟ್ಟ ಸ್ಪ್ರಿಂಗುಗಳಿವೆ, ಕೊನೆಯಲ್ಲಿ ರಬ್ಬರ್ ಟೈರುಗಳಿವೆ. ಕಾರಿನ ಕಂಪನಿ ವರ್ಷಗಟ್ಟಲೆ ಕೂತು ಹೊಂದಿಸಿದ ಆ ಸರಪಳಿಯನ್ನು ಕಳಚಿ ಎಸೆದು, ಅಲ್ಲಿ ಪ್ರೊಪೆಲ್ಲರ್ ಕೂರಿಸಿದ ಕ್ಷಣದಿಂದ ಅದು ಬೇರೆಯೇ ಯಂತ್ರ. ರೋಟ್ಯಾಕ್ಸ್ ತನ್ನ ಗೇರ್‌ಬಾಕ್ಸಿನೊಳಗೇ ಒದೆತ ನುಂಗುವ ವ್ಯವಸ್ಥೆ ಇಟ್ಟಿದೆ. ಅಷ್ಟಿದ್ದೂ ತೀರಾ ಕಡಿಮೆ ಸುತ್ತಿನಲ್ಲಿ ಓಡಿಸಬೇಡಿ, ಎರಡು ಕಾರ್ಬ್ಯುರೇಟರ್‌ಗಳನ್ನು ಸಮನಾಗಿ ಹೊಂದಿಸಿಡಿ ಎಂದು ಎಚ್ಚರಿಸುತ್ತದೆ. ಇಲ್ಲದಿದ್ದರೆ ಒರಟು ಓಟ ಗೇರನ್ನು ಸವೆಸುತ್ತದೆ. ಅಂಥ ಕಂಪನಿಯೇ ಇಷ್ಟು ಅಂಜುವ ಜಾಗದಲ್ಲಿ ಲೇತ್ ಅಂಗಡಿಯ ಧೈರ್ಯ ಅತಿಯಾಯಿತು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಕಾರಿನ ಎಂಜಿನ್ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾಗುತ್ತದೆ, ಕಾರ್ಖಾನೆಯ ಪರೀಕ್ಷಾ ಕಟ್ಟೆಯ ಮೇಲೆ ನೂರಾರು ಗಂಟೆ ಪೂರ್ಣ ಶಕ್ತಿಯಲ್ಲಿ ಓಡಿ ಗೆದ್ದಿರುತ್ತದೆ. ವಿಮಾನದ ಎಂಜಿನ್‌ಗೆ ಅಮೆರಿಕದ ನಿಯಮ ಕೇಳುವ ಬಾಳಿಕೆ ಪರೀಕ್ಷೆ 150 ಗಂಟೆಯದು. ಹಾಗಾದರೆ ಯಾವುದು ಹೆಚ್ಚು ನಂಬಿಕಸ್ಥ? ಕಾರು ಹೆದ್ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಓಡಲು 15ರಿಂದ 20 ಅಶ್ವಶಕ್ತಿಯಷ್ಟೇ ಸಾಕು, ಆದ್ದರಿಂದ ಅದರ ಎಂಜಿನ್ ನಾಜೂಕು, ವಿಮಾನದ ಹಾಗೆ ಗಂಟೆಗಟ್ಟಲೆ ಮುಕ್ಕಾಲು ಶಕ್ತಿಯಲ್ಲಿ ದುಡಿದರೆ ಸುಸ್ತಾಗುತ್ತದೆ ಎಂಬ ಹಳೆಯ ಮಾತು ಈಗಿನ ಎಂಜಿನ್‌ಗಳಿಗೆ ಅಷ್ಟಾಗಿ ಸಲ್ಲುವುದಿಲ್ಲ. ಪಿಸ್ಟನ್, ವಾಲ್ವ್, ಬೇರಿಂಗ್ ಅದನ್ನು ತಡೆದುಕೊಳ್ಳುತ್ತವೆ. ಆಕ್ಷೇಪದ ಈ ಅರ್ಧವನ್ನು ಒಪ್ಪಲೇಬೇಕು. ಉಳಿದರ್ಧ ಒಪ್ಪುವಂಥದ್ದಲ್ಲ. ಕಾರ್ಖಾನೆ ಪರೀಕ್ಷಿಸಿದ್ದು ತನ್ನ ರೇಡಿಯೇಟರ್, ತನ್ನ ಪೆಟ್ರೋಲ್ ಪಂಪು, ತನ್ನ ಕಂಪ್ಯೂಟರ್ ಇರುವ ಎಂಜಿನ್ನನ್ನು. ಗ್ಯಾರೇಜಿನಲ್ಲಿ ಅವೆಲ್ಲ ಬದಲಾಗುತ್ತವೆ, ಹೊಸದನ್ನು ಒಬ್ಬನೇ ವ್ಯಕ್ತಿ ಮೊದಲ ಸಲ ಮಾಡುತ್ತಿರುತ್ತಾನೆ.

ಪೆಟ್ರೋಲಿನ ಒಂದೇ ಉದಾಹರಣೆ ನೋಡೋಣ. ಇಂಜೆಕ್ಷನ್ ಇರುವ ಕಾರಿನಲ್ಲಿ ವಿದ್ಯುತ್ ಪಂಪು ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲೇ ಮುಳುಗಿ ಕೂತಿರುತ್ತದೆ. ಅದು ಎಂಜಿನ್ ಕಡೆಗೆ ಒತ್ತಿ ಕಳಿಸುತ್ತದೆ. ವಿಮಾನ ಕಟ್ಟುವವನಿಗೆ ರೆಕ್ಕೆಯ ಟ್ಯಾಂಕಿನೊಳಗೆ ಪಂಪು ಇಳಿಸುವುದು ಕಷ್ಟ. ಹಾಗಾಗಿ ಎಂಜಿನ್ ಕೋಣೆಯ ಗೋಡೆಯ ಮೇಲೆ ಅನುಕೂಲವಾದ ಕಡೆ ಕೂರಿಸುತ್ತಾನೆ. ಈಗ ಪಂಪು ದೂರದ ಟ್ಯಾಂಕಿನಿಂದ ಹೀರಬೇಕು. ಹೀರುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಪಕ್ಕದಲ್ಲಿ ಸೈಲೆನ್ಸರಿನ ಬಿಸಿ, ಮೇಲಕ್ಕೆ ಏರಿದಷ್ಟೂ ಗಾಳಿಯ ಒತ್ತಡವೂ ಕಡಿಮೆ. ಕಾರಿನ ಪೆಟ್ರೋಲ್ ಬೇಗ ಆವಿಯಾಗುವ ಸ್ವಭಾವದ್ದು. ಪೈಪಿನಲ್ಲಿ ಗುಳ್ಳೆ ಕಟ್ಟಿದರೆ ಪಂಪು ತಿರುಗುತ್ತಲೇ ಇರುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲೂ ಇರುತ್ತದೆ, ಎಂಜಿನ್ ಮಾತ್ರ ನಿಲ್ಲುತ್ತದೆ. ಕೆಳಗೆ ಇಳಿದು ಬಿಚ್ಚಿ ನೋಡುವ ಹೊತ್ತಿಗೆ ಎಲ್ಲ ತಣ್ಣಗಾಗಿ, ತಪ್ಪು ಸಿಕ್ಕುವುದೂ ಇಲ್ಲ. 2012ರ ಆ ಅಮೆರಿಕನ್ ಅಧ್ಯಯನದ ಪ್ರಕಾರ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳಲ್ಲಿ ಮುಂದೆ ನಿಲ್ಲುವ ಎರಡು ಕಾರಣಗಳು ಎಂಜಿನ್ ವ್ಯವಸ್ಥೆಯ ವೈಫಲ್ಯ ಮತ್ತು ಹಾರಾಟದಲ್ಲಿ ಹತೋಟಿ ತಪ್ಪುವುದು. ರೆಕ್ಕೆ ಮುರಿದು ಬೀಳುವಂಥ ರಚನೆಯ ದೋಷ ಅಪರೂಪ. ಹವ್ಯಾಸಿಗಳು ರಿವೆಟ್ ಚೆನ್ನಾಗಿಯೇ ಹೊಡೆಯುತ್ತಾರೆ ಎಂದಾಯಿತು. ಮಂಡಳಿ ಕೊಟ್ಟ ಶಿಫಾರಸುಗಳಲ್ಲಿ ಒಂದು, ಮೊದಲ ಹಾರಾಟಕ್ಕೆ ಮುನ್ನ ಇಂಧನ ವ್ಯವಸ್ಥೆಯನ್ನು ಹೇಗೆ ಪರೀಕ್ಷಿಸಬೇಕೆಂದು ನಿಗದಿ ಮಾಡಬೇಕು ಎಂಬುದಾಗಿತ್ತು.

ವಿದ್ಯುತ್ತಿನ ಕಥೆ ಇನ್ನೂ ದೊಡ್ಡ ಪಾಠದ್ದು. ಹಳೆಯ ಲೈಕಮಿಂಗ್‌ನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್, ಅವಕ್ಕೆ ಕಿಡಿ ಕೊಡಲು ಎರಡು ಪ್ರತ್ಯೇಕ ಮ್ಯಾಗ್ನೆಟೊ. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲುವುದಿಲ್ಲ. ಟ್ರ್ಯಾಕ್ಟರ್ ಕಾಲದ ತಂತ್ರಜ್ಞಾನ ಎಂದು ಇದನ್ನು ಹೀಯಾಳಿಸುವವರು ಉಂಟು. ಕಾರಿನ ಎಂಜಿನ್‌ಗೆ ಕಿಡಿಯಿಂದ ಪಂಪಿನವರೆಗೆ ಎಲ್ಲಕ್ಕೂ ವಿದ್ಯುತ್ತೇ ಉಸಿರು. 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೈಯರ್ ಎಂಬಲ್ಲಿ ಡೈಮಂಡ್ ಡಿಎ-42 ಎಂಬ ಎರಡು ಎಂಜಿನ್ನಿನ ವಿಮಾನ ಹೊರಟಿತು. ಅದರ ಎಂಜಿನ್‌ಗಳು ಮರ್ಸಿಡಿಸ್ ಎ-ಕ್ಲಾಸ್ ಕಾರಿನ ಡೀಸೆಲ್ ಎಂಜಿನ್ನಿನಿಂದ ಥೀಲರ್ಟ್ ಕಂಪನಿ ರೂಪಿಸಿದಂಥವು; ಸರ್ಕಾರಿ ಪ್ರಮಾಣಪತ್ರವೂ ಇತ್ತು. ಬ್ಯಾಟರಿ ಖಾಲಿಯಾಗಿದ್ದರಿಂದ ಹೊರಗಿನ ವಿದ್ಯುತ್ ಕೊಟ್ಟು ಚಾಲೂ ಮಾಡಿದ್ದರು. ನೆಲ ಬಿಟ್ಟ ಮೇಲೆ ಚಕ್ರ ಒಳಗೆಳೆದುಕೊಳ್ಳುವ ಮೋಟಾರು ಒಮ್ಮೆಲೇ ಕರೆಂಟು ಎಳೆಯಿತು. ವೋಲ್ಟೇಜು ಕ್ಷಣಕಾಲ ಕುಸಿಯಿತು, ಎರಡೂ ಎಂಜಿನ್‌ಗಳ ಕಂಪ್ಯೂಟರುಗಳು ರೀಸೆಟ್ ಆದವು, ಎರಡೂ ಎಂಜಿನ್ ಒಟ್ಟಿಗೇ ನಿಂತವು. ವಿಮಾನ ಹೊಟ್ಟೆಯ ಮೇಲೆ ಇಳಿಯಿತು. ಎರಡು ಎಂಜಿನ್ ಇದ್ದರೆ ಎರಡು ಪಟ್ಟು ಸುರಕ್ಷಿತ ಎಂಬ ಲೆಕ್ಕ, ಎರಡಕ್ಕೂ ಒಂದೇ ಬೇರಿದ್ದರೆ ನಿಲ್ಲುವುದಿಲ್ಲ. ವೃತ್ತಿಪರ ಎಂಜಿನಿಯರುಗಳ ತಂಡ, ಪ್ರಮಾಣೀಕರಣದ ಜರಡಿ ಎರಡನ್ನೂ ದಾಟಿ ಉಳಿದುಕೊಂಡ ತಪ್ಪಿದು. ಭಾನುವಾರಗಳಲ್ಲಿ ವೈರಿಂಗ್ ಮಾಡುವವನು ಇದನ್ನು ಒಂದೇ ಏಟಿಗೆ ಹಿಡಿಯುತ್ತಾನೆಂದು ನಿರೀಕ್ಷಿಸುವುದು ಕಷ್ಟ.

ಹಾಗೆಂದು ಥೀಲರ್ಟ್ ಪ್ರಯೋಗ ವ್ಯರ್ಥವಾಯಿತು ಎನ್ನುವಂತಿಲ್ಲ. ಕಾರಿನ ಎಂಜಿನ್ ವಿಮಾನದಲ್ಲಿ ದುಡಿಯಬಲ್ಲದು ಎಂಬುದಕ್ಕೆ ಅದೇ ದೊಡ್ಡ ಸಾಕ್ಷಿ. ಡಿಎ-42ಕ್ಕೆ ಆಮೇಲೆ ಬಂದ ಆಸ್ಟ್ರೋ ಎಂಜಿನ್ ಕೂಡ ಮರ್ಸಿಡಿಸ್ ಕಾರಿನ ಡೀಸೆಲ್ಲೇ. ಆದರೆ ಅದಕ್ಕೆ ತೆತ್ತ ಬೆಲೆ ನೋಡಿ. ಮೊದಲ ಥೀಲರ್ಟ್ ಎಂಜಿನ್‌ಗಳಲ್ಲಿ ಗೇರ್‌ಬಾಕ್ಸನ್ನು 300 ಗಂಟೆಗೊಮ್ಮೆ ಕಳಚಿ ಕೊಡಬೇಕಿತ್ತು. ಎಂಜಿನ್ ಗಟ್ಟಿಯಾಗಿದ್ದರೂ ಗಂಟು ಇದ್ದದ್ದು ಮತ್ತೆ ಅದೇ ನಡುವಿನ ಪೆಟ್ಟಿಗೆಯಲ್ಲಿ. 2008ರಲ್ಲಿ ಕಂಪನಿ ದಿವಾಳಿಯಾಯಿತು, ಬಿಡಿಭಾಗಕ್ಕಾಗಿ ಮಾಲೀಕರು ಪರದಾಡಿದರು. ಪೋರ್ಶೆಯ ಕಥೆಯೂ ಹತ್ತಿರ ಹತ್ತಿರ ಹೀಗೆಯೇ. 1980ರ ದಶಕದಲ್ಲಿ ತನ್ನ 911 ಕಾರಿನ ಆರು ಸಿಲಿಂಡರಿನ ಎಂಜಿನ್ನನ್ನು ವಿಮಾನಕ್ಕೆ ತಕ್ಕಂತೆ ತಿದ್ದಿ, ಪ್ರಮಾಣಪತ್ರ ಪಡೆದು, ಮೂನಿ ವಿಮಾನದಲ್ಲಿ ಕೂರಿಸಿತು. ನಯವಾಗಿ ಓಡುತ್ತಿತ್ತು, ಒಂದೇ ಲಿವರಿನಲ್ಲಿ ಎಲ್ಲವನ್ನೂ ನಡೆಸಬಹುದಿತ್ತು. ಆದರೆ ಭಾರ ಹೆಚ್ಚು, ವೇಗದಲ್ಲಿ ಹೇಳಿಕೊಳ್ಳುವ ಲಾಭವಿಲ್ಲ. 1990ರ ದಶಕ ಶುರುವಾಗುವ ಹೊತ್ತಿಗೆ ಪೋರ್ಶೆ ಆ ವ್ಯಾಪಾರವನ್ನೇ ಕೈಬಿಟ್ಟಿತು.

ಭಾರದ ಮಾತು ಬಂದದ್ದರಿಂದ ಅದನ್ನೂ ಒಂದಿಷ್ಟು ಬಿಡಿಸಬೇಕು, ಏಕೆಂದರೆ ದುಡ್ಡು ಉಳಿಸುವ ಲೆಕ್ಕ ಮುಗ್ಗರಿಸುವುದು ಇಲ್ಲಿಯೇ. ಗುಜರಿಯ ಎಂಜಿನ್ ಅಗ್ಗ. ಅದಕ್ಕೆ ಗೇರ್‌ಬಾಕ್ಸ್, ರೇಡಿಯೇಟರ್, ನೀರು, ಪೈಪು, ಎರಡನೆಯ ಬ್ಯಾಟರಿ, ಎರಡನೆಯ ಪಂಪು, ಹೊಸ ಮೌಂಟು, ಹೊಸ ಮುಸುಕು ಎಲ್ಲ ಸೇರಿದಾಗ ಮೂಗಿಗಿಂತ ಮೂಗುತಿ ಭಾರವಾಗುತ್ತದೆ, ಜೇಬಿಗೂ ಮೂತಿಗೂ. ವಿನ್ಯಾಸಕಾರ ಲೆಕ್ಕ ಹಾಕಿದ್ದಕ್ಕಿಂತ 30 ಕಿಲೊ ಹೆಚ್ಚು ತೂಕ ಗುರುತ್ವ ಕೇಂದ್ರದಿಂದ 1.2 ಮೀಟರ್ ಮುಂದೆ ಬಂತು ಎಂದುಕೊಳ್ಳಿ. ಅದನ್ನು ಸರಿದೂಗಿಸಲು ನಾಲ್ಕು ಮೀಟರ್ ಹಿಂದೆ, ಬಾಲದಲ್ಲಿ 9 ಕಿಲೊ ಸೀಸ ಕಟ್ಟಬೇಕು. ಒಟ್ಟು 39 ಕಿಲೊ, ಅಂದರೆ ಎರಡು ಸೀಟಿನ ವಿಮಾನದಲ್ಲಿ ಅರ್ಧ ಪ್ರಯಾಣಿಕ ಹೋದ. ಜೊತೆಗೆ ರೇಡಿಯೇಟರಿಗೆ ಗಾಳಿ ಎಲ್ಲಿಂದ ಒಳಬರಬೇಕು, ಎಲ್ಲಿಂದ ಹೊರಹೋಗಬೇಕು ಎಂಬ ತಲೆನೋವು. ಪೆಟ್ರೋಲ್ ಎಂಜಿನ್‌ನಲ್ಲಿ ಸುಟ್ಟ ಇಂಧನದ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ತಂಪು ಮಾಡುವ ವ್ಯವಸ್ಥೆಯ ಮೂಲಕವೇ ಹೊರಹೋಗಬೇಕು. ವಿಮಾನ ಮೇಲೇರುವಾಗ ಶಕ್ತಿ ಪೂರ್ತಿ, ವೇಗ ಮಾತ್ರ ಕಡಿಮೆ. ಶಾಖ ಅತಿ ಹೆಚ್ಚು ಹುಟ್ಟುವ ಹೊತ್ತಿಗೇ ಗಾಳಿ ಕಡಿಮೆ. ಕಾರಿನ ರೇಡಿಯೇಟರನ್ನು ತಂದು ಮೂತಿಗೆ ಅಡ್ಡ ನಿಲ್ಲಿಸಿದರೆ ಏರುವಾಗ ಎಂಜಿನ್ ಕುದಿಯುತ್ತದೆ, ನೇರ ಹಾರುವಾಗ ಅದೇ ರೇಡಿಯೇಟರ್ ಬ್ರೇಕಿನಂತೆ ಎಳೆಯುತ್ತದೆ. ದುಡ್ಡನ್ನು ಲೈಕಮಿಂಗ್ ಆಗಿ ಪರಿವರ್ತಿಸುವುದೇ ಅತ್ಯುತ್ತಮ ಪರಿವರ್ತನೆ ಎಂದು ಅಮೆರಿಕದ ಹವ್ಯಾಸಿಗಳಲ್ಲಿ ಒಂದು ಹಳೆಯ ತಮಾಷೆಯಿದೆ. ಅದರಲ್ಲಿ ತಮಾಷೆ ಕಡಿಮೆ.

ಆದರೂ ಗೆದ್ದವರಿದ್ದಾರೆ, ಅವರು ಗೆದ್ದ ಬಗೆ ನೋಡುವಂಥದ್ದು. ಮಿನೆಸೋಟದ ಚೆರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟನ್‌ಪಾಲ್ 1920ರ ದಶಕದ ಕೊನೆಯಲ್ಲಿ ಫೋರ್ಡ್ ಮಾಡೆಲ್-ಎ ಕಾರಿನ ಎಂಜಿನ್ ಹಾಕಿ ಏರ್ ಕ್ಯಾಂಪರ್ ಎಂಬ ಮರದ ವಿಮಾನ ಹಾರಿಸಿದ. 40 ಅಶ್ವಶಕ್ತಿ, ಕಬ್ಬಿಣದ ಭಾರ, ಪೈಲಟ್‌ನ ಕಣ್ಣಿಗೇ ಅಡ್ಡ ಬರುವಂತೆ ಎಂಜಿನ್ ಮೇಲೆ ನಿಂತ ರೇಡಿಯೇಟರ್. ಆದರೂ ಹಾರಿತು, ಇವತ್ತಿಗೂ ಹಾರುತ್ತಿದೆ. ಏಕೆಂದರೆ ಆ ಎಂಜಿನ್ ಹುಟ್ಟಿನಿಂದಲೇ ನಿಧಾನಿ. ಗೇರು ಬೇಕಿರಲಿಲ್ಲ, ಪ್ರೊಪೆಲ್ಲರ್ ನೇರವಾಗಿ ಕೂತಿತು. ವಿಮಾನವನ್ನೂ ಆ ಎಂಜಿನ್‌ಗೆಂದೇ ಅಳೆದು ಕಟ್ಟಿದ್ದ. ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ನೂ ಹಾಗೆಯೇ. ಗಾಳಿಯಿಂದ ತಣಿಯುತ್ತದೆ, ಹಗುರ, ನಾಲ್ಕು ಸಿಲಿಂಡರ್ ಎದುರುಬದುರು, 1.5 ಮೀಟರಿನ ಪುಟ್ಟ ಪ್ರೊಪೆಲ್ಲರನ್ನು 3,200 ಸುತ್ತಿನಲ್ಲಿ ತಿರುಗಿಸಿದರೆ ತುದಿಯ ವೇಗ ಮಿತಿಯೊಳಗೇ ಇರುತ್ತದೆ. ಎರಡನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿ ಒಂಟಿ ಸೀಟಿನ ಟರ್ಬುಲೆಂಟ್ ವಿಮಾನಗಳಲ್ಲಿ ಅದು ಹಾರಿತು, ಜರ್ಮನಿಯ ಲಿಂಬಾಖ್ ಕಂಪನಿ ಮೋಟಾರು ಗ್ಲೈಡರ್‌ಗಳಿಗೆ ಪ್ರಮಾಣೀಕರಿಸಿ ಕೊಟ್ಟಿತು, ಈಗ ಸೋನೆಕ್ಸ್ ವಿಮಾನದ ಜೊತೆಗೆ 2,180 ಸಿಸಿಯ ಕಿಟ್ಟಾಗಿ ಬರುತ್ತದೆ. ಅದಕ್ಕೂ ಮಿತಿ ಇದೆ: ಹೆಡ್ಡಿನ ರೆಕ್ಕೆಪಟ್ಟಿಗಳು ಇಂತಿಷ್ಟೇ ಶಾಖ ಕಳೆಯಬಲ್ಲವು. ಕಾಗದದ ಮೇಲಿನ 80 ಅಶ್ವಶಕ್ತಿ ಮೇಲೇರುವ ಕೆಲವು ನಿಮಿಷಗಳಿಗಷ್ಟೇ. ದಿನವಿಡೀ ಅಷ್ಟನ್ನೇ ಹಿಂಡಿದರೆ ಹೆಡ್ಡೂ ವಾಲ್ವೂ ಉಳಿಯುವುದಿಲ್ಲ.

ಇವೆಲ್ಲಕ್ಕಿಂತ ಕುತೂಹಲದ್ದು ಷೆವರ್ಲೆ ಕಾರ್ವೇರ್. 1960ರ ದಶಕದ ಆ ಕಾರಿನ ಆರು ಸಿಲಿಂಡರಿನ, ಗಾಳಿಯಿಂದ ತಣಿಯುವ ಎಂಜಿನ್ನನ್ನು ಪೀಟನ್‌ಪಾಲ್ ಆಗಲೇ ತನ್ನ ವಿಮಾನಕ್ಕೆ ಹಾಕಿದ್ದ. ಗೇರಿಲ್ಲ, ನೀರಿಲ್ಲ. ಹತ್ತಾರು ವರ್ಷ ಹಾರಿದ ಮೇಲೆ, ಹೆಚ್ಚು ವೇಗದ ವಿಮಾನಗಳಲ್ಲಿ ಕೂರಿಸತೊಡಗಿದಾಗ, ಕೆಲವು ಕ್ರ್ಯಾಂಕ್‌ಶಾಫ್ಟ್‌ಗಳು ಪ್ರೊಪೆಲ್ಲರ್‌ಗೆ ಹತ್ತಿರದ ಬೇರಿಂಗಿನ ಬಳಿ ಬಿರುಕು ಬಿಟ್ಟವು. ಕಾರಿನಲ್ಲಿ ಆ ತುದಿ ಎಂದೂ ಪ್ರೊಪೆಲ್ಲರ್‌ನ ಭಾರವನ್ನು, ವಿಮಾನ ತಿರುಗಿದಾಗಲೆಲ್ಲ ಬುಗುರಿಯಂತೆ ಸೆಣಸುವ ಅದರ ಬಲವನ್ನು ಹೊತ್ತಿರಲಿಲ್ಲ. ನಾಲ್ಕು ಬೇರಿಂಗಿನ ಎಂಜಿನ್‌ಗೆ ಹವ್ಯಾಸಿಗಳು ಐದನೆಯದನ್ನು ಸೇರಿಸಿದರು, ಶಾಫ್ಟ್‌ನ ಮೇಲ್ಮೈ ಗಟ್ಟಿಯಾಗಲು ನೈಟ್ರೈಡಿಂಗ್ ಮಾಡಿಸಿದರು. ಪರಿಹಾರ ಸಿಕ್ಕಿತು. ಒಂದೇ ಬಗೆಯ ಜೋಡಣೆಯನ್ನು ಬಹಳ ಜನ ಹಾರಿಸುತ್ತಿದ್ದುದರಿಂದ, ಒಬ್ಬನ ವಿಮಾನದಲ್ಲಿ ಕಂಡ ಬಿರುಕು ಉಳಿದವರಿಗೆ ಎಚ್ಚರಿಕೆಯಾಯಿತು. ಜಗತ್ತಿನಲ್ಲಿ ಒಂದೇ ಒಂದಾಗಿರುವ ಜೋಡಣೆಯಲ್ಲಿ ಆ ಬಿರುಕನ್ನು ಕಂಡುಹಿಡಿಯುವವನು ಅದರ ಮಾಲೀಕನೇ, ಅದೂ ಆಕಾಶದಲ್ಲಿ.

ವಿಮಾನಕ್ಕೆಂದೇ ಮಾಡಿದ ಎಂಜಿನ್‌ಗಳೂ ನಿಲ್ಲುವುದಿಲ್ಲವೇ ಎಂದು ಕೇಳಬಹುದು. ನಿಲ್ಲುತ್ತವೆ. ಆಸ್ಟ್ರೇಲಿಯಾದ ಜಬಿರು ಹುಟ್ಟಿನಿಂದಲೇ ವಿಮಾನದ ಎಂಜಿನ್. ಆದರೂ 2009ರಿಂದ 2014ರ ನಡುವಿನ ಹಗುರ ವಿಮಾನಗಳ ಎಂಜಿನ್ ವೈಫಲ್ಯಗಳನ್ನು ಅಲ್ಲಿನ ಸಾರಿಗೆ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದಾಗ, ಹಾರಿದ ಗಂಟೆಗಳಿಗೆ ಹೋಲಿಸಿದರೆ ಜಬಿರುವಿನ ಪ್ರಮಾಣ ಬೇರೆ ಕಂಪನಿಗಳ ಎರಡು ಪಟ್ಟಿಗಿಂತ ಹೆಚ್ಚಿತ್ತು. ಎಂಜಿನ್ನಿನ ಎರಡು ಹೋಳುಗಳನ್ನು ಬಿಗಿದಿಡುವ ಉದ್ದ ಬೋಲ್ಟುಗಳು ತುಂಡಾಗುತ್ತಿದ್ದುದು ಮುಖ್ಯ ಕಾರಣಗಳಲ್ಲೊಂದು. 2014ರ ಕೊನೆಯಲ್ಲಿ ಆ ಎಂಜಿನ್ನಿನ ವಿಮಾನಗಳ ಹಾರಾಟದ ಮೇಲೆ ನಿರ್ಬಂಧವೂ ಬಂತು. ಅಂದರೆ ಹಣೆಪಟ್ಟಿ ರಕ್ಷಿಸುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು, ನೂರಾರು ಒಂದೇ ಥರದ ಎಂಜಿನ್‌ಗಳು ಹಾರುತ್ತಿದ್ದುದರಿಂದಲೇ ಈ ಲೆಕ್ಕ ಸಾಧ್ಯವಾಯಿತು, ದೋಷಕ್ಕೆ ಹೆಸರು ಸಿಕ್ಕಿತು.

ಇನ್ನೊಂದು ಆಕ್ಷೇಪ ಮನಸ್ಸಿಗೆ ಹತ್ತಿರದ್ದು. ಎಲ್ಲರೂ ಹಾರಿಸಿದ್ದನ್ನೇ ಹಾರಿಸುವುದಾದರೆ ಪ್ರಯೋಗ ಎಂಬ ಪದಕ್ಕೆ ಅರ್ಥವೇನು? ಚಾರ್ಲಿ ಟೇಲರ್, ಪೀಟನ್‌ಪಾಲ್ ಹಾಗೆ ಯೋಚಿಸಿದ್ದರೆ ಹೊಸದು ಏನೂ ಬರುತ್ತಿರಲಿಲ್ಲ. ನಿಜ. ಪ್ರಯೋಗ ಬೇಡವೆಂದಲ್ಲ, ಯಾವ ವಿಮಾನದಲ್ಲಿ ಎಂಬುದು ಪ್ರಶ್ನೆ. ರೋಟ್ಯಾಕ್ಸ್ ಕಂಪನಿಯೇ ತನ್ನ ಎರಡು ಸ್ಟ್ರೋಕಿನ ಎಂಜಿನ್‌ಗಳ ಕೈಪಿಡಿಯಲ್ಲಿ, ಈ ಎಂಜಿನ್ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು ಎಂದು ನೇರವಾಗಿ ಎಚ್ಚರಿಸುತ್ತದೆ. ಆದರೂ ಸಾವಿರಾರು ಜನ ಅವುಗಳ ಮೇಲೆ ಹಾರಿದ್ದಾರೆ, ಏಕೆಂದರೆ ಆ ಬಟ್ಟೆ ಹೊದೆಸಿದ ಅಲ್ಟ್ರಾಲೈಟ್‌ಗಳು ಆಟದ ಮೈದಾನದಷ್ಟು ಜಾಗದಲ್ಲಿ ಇಳಿಯುತ್ತವೆ. ಗಂಟೆಗೆ 65 ಕಿ.ಮೀ. ವೇಗದಲ್ಲಿ ಗದ್ದೆಗೆ ಇಳಿಯುವ ವಿಮಾನಕ್ಕೂ 100 ಕಿ.ಮೀ. ವೇಗದಲ್ಲಿ ಇಳಿಯಲೇಬೇಕಾದ ವಿಮಾನಕ್ಕೂ, ತೂಕ ಒಂದೇ ಆಗಿದ್ದರೆ, ಅಪ್ಪಳಿಸುವ ಶಕ್ತಿಯಲ್ಲಿ 2.4 ಪಟ್ಟು ವ್ಯತ್ಯಾಸ. ಹೊಸ ಎಂಜಿನ್ನಿನ ಹುಚ್ಚು ಇರುವವನು ನಿಧಾನವಾಗಿ ಇಳಿಯುವ, ಹಗುರವಾದ, ಸಾಧ್ಯವಾದರೆ ಒಂಟಿ ಸೀಟಿನ ವಿಮಾನದಲ್ಲಿ ಅದನ್ನು ತೀರಿಸಿಕೊಳ್ಳಲಿ. ವೇಗದ, ಸಣ್ಣ ರೆಕ್ಕೆಯ, ನಾಲ್ಕು ಸೀಟಿನ ವಿಮಾನಕ್ಕೆ ಗ್ಯಾರೇಜಿನ ಪರಿವರ್ತನೆ ಕೂರಿಸಿ ಹೆಂಡತಿ ಮಕ್ಕಳನ್ನು ಹತ್ತಿಸುವುದನ್ನು ಪ್ರಯೋಗ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಸಣ್ಣ ವಿಮಾನಕ್ಕೆ ಯಾವ ಎಂಜಿನ್ ಎಂಬ ಪ್ರಶ್ನೆ ಬೆಂಗಳೂರಿಗೆ ಹೊಸದೇನಲ್ಲ. ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಬರ್ಟ್ ರುಟಾನ್‌ನ ಮನೆಯಲ್ಲಿ ಕಟ್ಟುವ ಲಾಂಗ್-ಈಜಿ ವಿಮಾನದ ಮಾದರಿಯನ್ನೇ ಆಧರಿಸಿ 1987ರಲ್ಲಿ ತನ್ನ ಹಗುರ ಸಂಶೋಧನಾ ವಿಮಾನ ಹಾರಿಸಿತು. ಗಾಜಿನ ನಾರಿನ ವಿಮಾನ ಕಟ್ಟುವ ವಿದ್ಯೆ ಅಲ್ಲಿಂದ ಎನ್‌ಎಎಲ್‌ನದೇ ಹಂಸ ವಿಮಾನಕ್ಕೆ ಬಂತು. ಹಂಸ-3ಕ್ಕೆ ಟರ್ಬೊ ಇರುವ ರೋಟ್ಯಾಕ್ಸ್ 914 ಕೂತಿತು. 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಗೆ ಇಂಜೆಕ್ಷನ್ ಇರುವ ರೋಟ್ಯಾಕ್ಸ್ 912. ಎಚ್‌ಎಎಲ್‌ನಂಥ ಎಂಜಿನ್ ಕಾರ್ಖಾನೆ ಊರಲ್ಲೇ ಇದ್ದೂ, ಸಣ್ಣ ವಿಮಾನಕ್ಕೆ ಬೇರೆಡೆ ಸಾಬೀತಾದ ಎಂಜಿನ್ನನ್ನೇ ಆರಿಸಿದ್ದು ವಿವೇಕದ ನಡೆ. ಬೆಂಗಳೂರಿನಲ್ಲೇ ರಾಜಹಂಸ ಅಲ್ಟ್ರಾಲೈಟ್ಸ್ ಕಂಪನಿ ಕಟ್ಟಿ ವಿದೇಶಗಳಿಗೂ ಮಾರಿದ ಎಕ್ಸ್-ಏರ್ ವಿಮಾನಗಳು ಎರಡು ಸ್ಟ್ರೋಕಿನ ರೋಟ್ಯಾಕ್ಸ್, ಜಬಿರು ಎರಡರ ಮೇಲೂ ಹಾರಿವೆ. ನಮ್ಮಲ್ಲಿ ಆಯ್ಕೆಯನ್ನು ಇಂಧನವೂ ನಿರ್ಧರಿಸುತ್ತದೆ. ಸೀಸ ಬೆರೆತ ವಿಮಾನ ಪೆಟ್ರೋಲನ್ನು 2022ರವರೆಗೆ ಹೊರದೇಶದಿಂದಲೇ ತರಿಸಬೇಕಿತ್ತು; ಆ ವರ್ಷ ಇಂಡಿಯನ್ ಆಯಿಲ್ ಅದನ್ನು ವಡೋದರದಲ್ಲಿ ತಯಾರಿಸತೊಡಗಿತು. ಬಂಕಿನ ಪೆಟ್ರೋಲ್ ಹಾಕೋಣವೆಂದರೆ ಅದರಲ್ಲೀಗ ಶೇ 20ರಷ್ಟು ಎಥನಾಲ್. ರೋಟ್ಯಾಕ್ಸ್ 912 ಒಪ್ಪುವುದು ಶೇ 10ರವರೆಗೆ. ಹೊಸ ಕಾರಿನ ಎಂಜಿನ್ ಶೇ 20ನ್ನೂ ಜೀರ್ಣಿಸಿಕೊಳ್ಳುತ್ತದೆ, ಆದರೆ ವಿಮಾನದ ಟ್ಯಾಂಕಿನ ಸೀಲು, ಅಂಟು, ರಬ್ಬರ್ ಪೈಪು ಅದಕ್ಕೆ ತಡೆಯುತ್ತವೆಯೇ ಎಂದು ಬೇರೆಯೇ ನೋಡಬೇಕು. ಮತ್ತೆ ಮಾತು ಬಂದು ನಿಂತದ್ದು ಎಂಜಿನ್ನಿನ ಹೊರಗೆ.

ಸಾಬೀತಾದ ಎಂಜಿನ್‌ಗೂ ಪರ್ಯಾಯ ಎಂಜಿನ್‌ಗೂ ಇರುವ ವ್ಯತ್ಯಾಸವನ್ನು ಅಮೆರಿಕದ ವಿಮಾನಯಾನ ಆಡಳಿತ ಅಂಕಿಯಲ್ಲೇ ಹೇಳಿದೆ. ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿ ಇರುವ, ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಮೊದಲ ಹಂತದ ಪರೀಕ್ಷಾ ಹಾರಾಟ ಸಾಮಾನ್ಯವಾಗಿ 25 ಗಂಟೆ, ಇಲ್ಲದ್ದಕ್ಕೆ 40. ನನ್ನನ್ನು ಕೇಳಿದರೆ ಈ ಅಂತರ ಸಾಲದು; ಕಾರಿನ ಎಂಜಿನ್ ಆದರೆ, ಹಾರುವುದಕ್ಕೆ ಮೊದಲೇ, ಅದೇ ಪ್ರೊಪೆಲ್ಲರ್, ಅದೇ ರೇಡಿಯೇಟರ್, ಅದೇ ಪೈಪುಗಳ ಸಮೇತ ನೆಲಕ್ಕೆ ಬಿಗಿದು ನೂರು ಗಂಟೆಯಾದರೂ ಓಡಿಸಬೇಕು. ಇಷ್ಟಾಗಿಯೂ ಪರ್ಯಾಯ ಎಂಜಿನ್ನೇ ಬೇಕು ಎನ್ನುವವರು, ಮಾರುವವನಿಗೆ ಅಶ್ವಶಕ್ತಿ ಎಷ್ಟು ಎಂದು ಕೇಳುವ ಮೊದಲು, ಇದೇ ಗೇರು, ಇದೇ ಪ್ರೊಪೆಲ್ಲರ್ ಇಟ್ಟುಕೊಂಡು 500 ಗಂಟೆ ದಾಟಿದ ಮೂವರು ಯಾರು ಎಂದು ಕೇಳಿ, ಅವರಿಗೆ ಫೋನು ಮಾಡಿ, ಏನೇನು ಮುರಿಯಿತು ಎಂದು ವಿಚಾರಿಸಲಿ. ಹೆಸರು ಸಿಗದಿದ್ದರೆ ಆ ದುಡ್ಡನ್ನು ಹಳೆಯದೊಂದು ಓ-200 ಎಂಜಿನ್ನಿನ ರಿಪೇರಿಗೆ ಹಾಕುವುದು ಮೇಲು.